ರಕ್ತ ವಾಪಸ್ ಬಂದದ್ದೇ ತಪ್ಪಾಯಿತಾ?

ಹಾರ್ಟ್ ಅಟ್ಯಾಕ್ ಆದಾಗ ಸ್ಟೆಂಟ್ ಹಾಕಿ, ಮುಚ್ಚಿದ ನಾಳದಲ್ಲಿ ರಕ್ತ ಹರಿಸಿದ ಮೇಲೇ ನಿಮ್ಮ ತಂದೆಯ ಹೃದಯದ ಸ್ನಾಯುವಿಗೆ ಪೆಟ್ಟಾಯಿತಂತೆ, ಹಾಗಾದರೆ ಅವಸರ ಮಾಡಬಾರದಿತ್ತಾ ಅಂತ ಕೇಳಿದ್ದೀರಿ. ನನಗೂ ಇದೇ ಅನುಮಾನ ಬಂದಿತ್ತು. ಬರಬಾರದ ಹೊತ್ತಿನಲ್ಲಿ ಬಂತು, ಅಷ್ಟೇ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಕೊಯ್ಲಿನ ಸಮಯ, ರಾತ್ರಿ ಎಂಟೂವರೆ. ಅಪ್ಪ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದ. ಜನವರಿ ಚಳಿಯಲ್ಲೂ ಬನಿಯನ್ ಬೆನ್ನಿಗೆ ಅಂಟುವಷ್ಟು ಬೆವರು. ಎದೆ ಮೇಲೆ ಏನೋ ಹೇರಿದ ಹಾಗಿದೆ ಅಂದ. ಅರ್ಧ ಸುಲಿದ ಅಡಿಕೆ ಮುಷ್ಟಿಯಲ್ಲೇ ಇತ್ತು. ಆಯಿ ಗ್ಯಾಸ್ ಅಂತ ಜೀರಿಗೆ ಕಷಾಯಕ್ಕೆ ಇಟ್ಟಳು. ನಾನು ಕಾಯಲಿಲ್ಲ, ಒಂಬತ್ತೂಕಾಲಿಗೆ ಪೇಟೆಯ ಆಸ್ಪತ್ರೆಯಲ್ಲಿದ್ದೆವು. ಅಲ್ಲಿಯವರೆಗೆ ನಾನು ಜಾಣನೇ.

ಇಸಿಜಿ ನೋಡಿದ ಡಾಕ್ಟರು "ಹೆಪ್ಪು ಕರಗಿಸೋ ಇಂಜೆಕ್ಷನ್ ಈಗಲೇ ಕೊಡ್ತೇನೆ, ಆಮೇಲೆ ಹುಬ್ಬಳ್ಳಿಗೆ ಹೋಗಿ" ಅಂದರು. ನಾನು ಬೇಡ ಅಂದೆ. ಯಾಕೆಂದರೆ ಭಾವ ಫೋನಿನಲ್ಲಿ, "ರಕ್ತ ಒಮ್ಮೆಲೇ ನುಗ್ಗಿದ್ರೆ ಸ್ನಾಯು ಸಾಯ್ತದೆ, ಕರೆಂಟ್ ಬಂದ ಕೂಡ್ಲೇ ಪಂಪ್ ಸುಡಲ್ವಾ, ಹಾಗೆ. ದೊಡ್ಡ ಆಸ್ಪತ್ರೆಲೇ ನೋಡ್ಕೊಳ್ಳಲಿ" ಅಂದಿದ್ದ. ಮೊಬೈಲಿನಲ್ಲಿ ಹುಡುಕಿದರೆ 'ರೀಪರ್ಫ್ಯೂಷನ್ ಇಂಜುರಿ', ಅಂದರೆ ರಕ್ತ ವಾಪಸ್ ಹರಿದಾಗ ಆಗೋ ಪೆಟ್ಟು, ಅನ್ನೋದು ನಿಜವಾಗಿಯೂ ಇದೆ! ಅದೊಂದು ಸಿಕ್ಕಿದ್ದೇ ಭಾವ ಹೇಳಿದ್ದೆಲ್ಲ ನಿಜ ಅನಿಸಿಬಿಟ್ಟಿತು. ಆ ಇಂಜೆಕ್ಷನ್‌ನಿಂದ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು ಅನ್ನೋ ಸಾಲನ್ನೂ ಫಾರ್ಮ್‌ನಲ್ಲಿ ಓದಿದೆ. ಡಾಕ್ಟರು ಎರಡು ಸಲ ಬಿಡಿಸಿ ಹೇಳಿದರು. ಬೇಡ ಅಂತಲೇ ಸಹಿ ಹಾಕಿದೆ.

ಹುಬ್ಬಳ್ಳಿ ನಮಗೆ 100 ಕಿ.ಮೀ. ಆಂಬುಲೆನ್ಸ್ ಬಂದು, ದಾರಿ ಸವೆದು, ಕಾಗದಪತ್ರ ಮುಗಿದು, ಮುಚ್ಚಿದ ನಾಳ ತೆರೆಯೋ ಬಲೂನ್ ಹಾಕುವಾಗ ರಾತ್ರಿ ಒಂದು ದಾಟಿತ್ತು. ನಾನು ಬೇಡ ಅಂದ ಆ ಇಂಜೆಕ್ಷನ್, ಟೆನೆಕ್ಟೆಪ್ಲೇಸ್, ಕೊಡೋಕೆ ಬೇಕಾದದ್ದು 5 ಸೆಕೆಂಡ್. ಎಲ್ಲರಿಗೂ ಅದು ಕೆಲಸ ಮಾಡಲ್ಲ, ಗೊತ್ತು. ಆದರೆ ರಕ್ತ ನಿಂತು ಅರ್ಧ ಗಂಟೆಯೊಳಗೇ ಸ್ನಾಯು ಒಳಪದರದಿಂದ ಸಾಯೋಕೆ ಶುರುವಾಗುತ್ತೆ, ಆಮೇಲೆ ಹೊರಗೆ ಹಬ್ಬುತ್ತಾ ಹೋಗುತ್ತೆ. ಅದು ಹಬ್ಬಲಿ ಅಂತ ಮೂರೂವರೆ ಗಂಟೆ ಬಿಟ್ಟುಕೊಟ್ಟವನು ನಾನು. ಭಾವ ಅಲ್ಲ, ಫೋನ್ ಇಟ್ಟ ಮೇಲೆ ಪೆನ್ನು ನನ್ನ ಕೈಯಲ್ಲೇ ಇತ್ತಲ್ಲ.

ಭಾವ ಹೇಳಿದ್ದು ಅರ್ಧ ನಿಜ. ಉಸಿರುಕಟ್ಟಿದ ಜೀವಕೋಶಕ್ಕೆ ಆಮ್ಲಜನಕ ಒಮ್ಮೆಲೇ ಬಂದಾಗ ಫ್ರೀ ರ್ಯಾಡಿಕಲ್ ಅನ್ನೋ ಕೋಶಕ್ಕೆ ಹಾನಿ ಮಾಡೋ ಕಣಗಳು ಹುಟ್ಟುತ್ತವೆ, ಕ್ಯಾಲ್ಸಿಯಂ ಒಳಗೆ ತುಂಬಿಕೊಳ್ಳುತ್ತೆ, ಕೋಶಕ್ಕೆ ಶಕ್ತಿ ಕೊಡೋ ಮೈಟೊಕಾಂಡ್ರಿಯಾ ಒಡೆಯುತ್ತವೆ, ಮೊದಲ ಕೆಲವೇ ನಿಮಿಷಗಳಲ್ಲಿ ಒಂದಷ್ಟು ಕೋಶ ಸಾಯುತ್ತವೆ. ಕೆಲವರಿಗೆ ದೊಡ್ಡ ನಾಳ ತೆರೆದರೂ ಸಣ್ಣ ನಾಳಗಳಲ್ಲಿ ರಕ್ತ ಹೋಗಲ್ಲ. ಆದರೆ ರಕ್ತ ಬರದೇ ಇದ್ದರೆ ಆ ಕೋಶಗಳ ಜೊತೆ ಉಳಿದವೂ ಹೋಗುತ್ತವೆ, ಅಲ್ವಾ? ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತೀನಿ. ಈ ಪೆಟ್ಟು ತಡೆಯೋ ಔಷಧಿಯನ್ನೂ ಸುಮ್ನೆ ಹುಡುಕಬೇಡಿ. ಸೈಕ್ಲೋಸ್ಪೊರಿನ್ ಅನ್ನೋ ಔಷಧಿ 2015ರ ದೊಡ್ಡ ಪರೀಕ್ಷೆಯಲ್ಲಿ ಸೋತಿತು. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಬಿಗಿದು ಬಿಡೋ ಉಪಾಯ 2019ರಲ್ಲಿ, 5,000ಕ್ಕೂ ಜಾಸ್ತಿ ರೋಗಿಗಳಲ್ಲಿ, ಅದೂ ಸೋತಿತು.

ಈಗಂತೂ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಆ ಇಂಜೆಕ್ಷನ್ ಉಚಿತ. ಡಾಕ್ಟರು ಕೊಡ್ತೇನೆ ಅಂದರೆ ಕೊಡಿಸಿ, ಭಾವನಿಗೆ ಆಮೇಲೆ ಫೋನ್ ಮಾಡಿ.

ನಿಮ್ಮ ತಂದೆಯ ಈಗಿನ ಎಕೋ (ಹೃದಯದ ಸ್ಕ್ಯಾನ್) ನೋಡಿ ಹೆದರಬೇಡಿ. ಮಂಕಾದ ಸ್ನಾಯು ಸತ್ತ ಸ್ನಾಯುವಲ್ಲ, ಚೇತರಿಸಿಕೊಳ್ಳೋಕೆ ವಾರಗಟ್ಟಲೆ ಬೇಕು. ನಮ್ಮ ಅಪ್ಪನ ಹೃದಯದ ಪಂಪಿಂಗ್ ಆಗ 30 ಪರ್ಸೆಂಟ್ ಇತ್ತು, ಮೂರು ತಿಂಗಳಿಗೆ 38 ಆಯಿತು, ಅಲ್ಲಿಗೇ ನಿಂತಿದೆ. ತೋಟದಿಂದ ಮನೆಗೆ ಏರು ಹತ್ತುವಾಗ ಎರಡು ಕಡೆ ಕೂರುತ್ತಾನೆ. ಎರಡನೇ ಕಡೆ ನಾನೇ ಒಂದು ಕಲ್ಲು ಹಾಕಿಸಿದ್ದೇನೆ.