ಪಿಎಸ್5 (ಪ್ಲೇಸ್ಟೇಷನ್ 5) ಗೇಮ್ ಡಿಸ್ಕ್‌ನಲ್ಲಿ ಕೊಳ್ಳೋದಾ, ಡಿಜಿಟಲ್ ಆಗಿ ಕೊಳ್ಳೋದಾ? ದುಡ್ಡು ಕೊಟ್ಟ ಮೇಲೂ ಕಂಪನಿ ಕಿತ್ತುಕೊಳ್ಳಬಹುದು ಅಂತಾರೆ, ನಿಜವಾ?

ಎರಡನೇ ಪ್ರಶ್ನೆಗೇ ಮೊದಲು ಬರ್ತೀನಿ. ನಿಜ, ಕಿತ್ತುಕೊಳ್ಳಬಹುದು, ಕಿತ್ತುಕೊಂಡಿದ್ದೂ ಇದೆ. ಆದರೆ "ಡಿಸ್ಕ್ ಇದ್ದರೆ ಬಚಾವ್" ಅನ್ನೋದು ಅರ್ಧ ಸತ್ಯ ಅಷ್ಟೇ. ಯೂಬಿಸಾಫ್ಟ್‌ನವರ ‘ದಿ ಕ್ರೂ’ ಅನ್ನೋ ಕಾರ್ ಗೇಮ್ 2014ರಲ್ಲಿ ಬಂತು, 2024ರ ಮಾರ್ಚ್ 31ಕ್ಕೆ ಅದರ ಸರ್ವರ್, ಅಂದರೆ ಗೇಮ್ ನಡೆಸೋ ಕಂಪನಿಯ ಕಂಪ್ಯೂಟರ್, ಬಂದ್ ಆಯ್ತು. ಒಬ್ಬರೇ ಕೂತು ಆಡೋಕೂ ಆ ಗೇಮ್‌ಗೆ ಸರ್ವರ್ ಬೇಕಿತ್ತು. ಹಾಗಾಗಿ ಡಿಜಿಟಲ್ ಕೊಂಡವರಿಗೂ ಡಿಸ್ಕ್ ಕೊಂಡವರಿಗೂ ಒಂದೇ ಗತಿ ಆಯ್ತು. ಜನ ಕೊಂಡ ಗೇಮ್‌ಗಳನ್ನು ಆಡಲಾಗದಂತೆ ಮಾಡಬೇಡಿ ಅನ್ನೋ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದೇ ಇದರಿಂದ. ಯುರೋಪಿನಲ್ಲಿ ಅದರ ಅರ್ಜಿಗೆ 2025ರ ಜುಲೈನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು.

ಅದಕ್ಕೇ ಡಿಸ್ಕಾ ಡಿಜಿಟಲ್ಲಾ ಅಂತ ಕೇಳೋ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಈ ಗೇಮ್ ಶುರುವಾಗೋಕೆ ಬೇರೆಯವರ ಸರ್ವರ್ ಬೇಕಾ? ಬೇಕು ಅಂತಾದರೆ ಅದನ್ನು ಬಾಡಿಗೆ ಅಂತಲೇ ತಿಳಿದು, ಬಾಡಿಗೆಗೆ ತಕ್ಕ ರೇಟ್ ಕೊಡಿ. ಅಂಗಡಿಯವರೂ ಈಗ ಇದನ್ನು ಒಪ್ಪಿಕೊಳ್ತಿದ್ದಾರೆ. ಸಿಗುವುದು ಲೈಸೆನ್ಸ್ (ಆಡೋ ಅನುಮತಿ) ಮಾತ್ರ ಅಂತ ಗ್ರಾಹಕರಿಗೆ ಸ್ಪಷ್ಟವಾಗಿ ಹೇಳಬೇಕು ಅನ್ನೋ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪಿಸಿ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನವರು ಅದಕ್ಕೂ ಮುಂಚೆಯೇ ಕಾರ್ಟ್ ಪುಟದಲ್ಲಿ ಆ ಸಾಲು ಹಾಕಿಬಿಟ್ಟರು.

ಇನ್ನು ಡಿಸ್ಕ್ ವಿಷಯ. ಡಬ್ಬಿಯೊಳಗೆ ಡಿಸ್ಕ್ ಇದೆ ಅಂದ ಮಾತ್ರಕ್ಕೆ ಡಿಸ್ಕ್ ಒಳಗೆ ಗೇಮ್ ಇರುತ್ತೆ ಅಂತೇನಿಲ್ಲ. 2022ರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಪಿಎಸ್5 ಡಿಸ್ಕ್‌ನಲ್ಲಿ ಇದ್ದದ್ದು ಸುಮಾರು 70 ಎಂಬಿ. 2025ರ ‘ಡೂಮ್: ದಿ ಡಾರ್ಕ್ ಏಜಸ್’ ಡಿಸ್ಕ್‌ನಲ್ಲಿ 85 ಎಂಬಿ ಆಸುಪಾಸು. ಮಿಕ್ಕ ಹತ್ತಾರು ಜಿಬಿ ನಿಮ್ಮ ಮನೆ ಬ್ರಾಡ್‌ಬ್ಯಾಂಡ್‌ನಿಂದಲೇ ಇಳಿಯಬೇಕು. ಇಂಥ ಡಿಸ್ಕ್ ಬರೀ ಬೀಗದ ಕೈ. ಕೊಳ್ಳೋ ಮುಂಚೆ ‘ಡಸ್ ಇಟ್ ಪ್ಲೇ’ ಸೈಟ್‌ನಲ್ಲಿ ಗೇಮ್ ಹೆಸರು ಹಾಕಿ ನೋಡಿ, ಡೌನ್‌ಲೋಡ್ ಇಲ್ಲದೆ ಪೂರ್ತಿ ಆಡಬಹುದಾ ಅಂತ ಪರೀಕ್ಷೆ ಮಾಡಿದವರು ಬರೆದಿರುತ್ತಾರೆ. ಮನೆಯಲ್ಲೇ ನೋಡಬೇಕಾದರೆ ಪಿಎಸ್5ನ ಇಂಟರ್‌ನೆಟ್ ಆಫ್ ಮಾಡಿ, ಡಿಸ್ಕ್ ಹಾಕಿ, ಇನ್‌ಸ್ಟಾಲ್ ಮುಗಿದ ಮೇಲೆ ಶುರು ಮಾಡಿ. ಮೆನುವಿನಲ್ಲೇ ನಿಲ್ಲಬೇಡಿ, ಆಟದೊಳಗೆ ಹೋಗಿ ನೋಡಿ. ಕೆಲವು ಗೇಮ್ ಮೊದಲ ಅಧ್ಯಾಯ ತೋರಿಸಿ ಆಮೇಲೆ "ಡೌನ್‌ಲೋಡ್ ಬಾಕಿ ಇದೆ" ಅಂತ ಕೈ ಎತ್ತಿಬಿಡುತ್ತವೆ.

ಇಷ್ಟಾದರೂ ಪಿಎಸ್5ನಂಥ ಕನ್ಸೋಲ್‌ಗೆ ನನ್ನ ಓಟು ಡಿಸ್ಕ್‌ಗೇ, ಕಾರಣ ಮರುಮಾರಾಟ. 4,999ಕ್ಕೆ ಕೊಂಡ ಗೇಮ್ ಮುಗಿಸಿ 3,000ಕ್ಕೆ ಮಾರಿದರೆ ಖರ್ಚು 2,000. ಡಿಜಿಟಲ್‌ನಲ್ಲಿ ಅದೇ 2,000ಕ್ಕೆ ಬೇಕು ಅಂದರೆ ಶೇ. 60ರ ಸೇಲ್‌ಗೆ ಕಾಯಬೇಕು. ಆದರೆ ಮಾರೋದಾದರೆ ಬೇಗ ಮಾರಿ. ಆ ಗೇಮ್ ಸೋನಿಯವರ ಚಂದಾ ಸೇವೆ ಪಿಎಸ್ ಪ್ಲಸ್‌ಗೆ ಬಂದ ದಿನವೇ ಡಿಸ್ಕ್ ಬೆಲೆ ಬಿದ್ದುಹೋಗುತ್ತೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದು ಕೆಳಮೈ ನೋಡಿ. ಪಿಎಸ್5 ಗೇಮ್ ಬರೋದು ಬ್ಲೂ-ರೇ ಡಿಸ್ಕ್‌ನಲ್ಲಿ. ಇದರಲ್ಲಿ ಡೇಟಾ ಪದರ ಓದುವ ಮೈಯಿಂದ ಬರೀ 0.1 ಮಿ.ಮೀ. ಒಳಗಿರುತ್ತೆ, ಅದರ ಮೇಲೆ ಗಟ್ಟಿ ಲೇಪನ ಇರುತ್ತೆ. ಆದ್ದರಿಂದ ಬಟ್ಟೆ ಉಜ್ಜಿದಂಥ ಸಣ್ಣ ಗೆರೆಗಳಿಗೆ ಹೆದರಬೇಕಿಲ್ಲ. ಉಗುರಿಗೆ ಸಿಗುವಷ್ಟು ಆಳದ ಗೀರು ಇದ್ದರೆ ಮಾತ್ರ ಬಿಟ್ಟುಬಿಡಿ. ಹಳೇ ಡಿವಿಡಿಗಳ ಹಾಗೆ ಇದನ್ನು ಪಾಲಿಶ್ ಮಾಡಿ ಸರಿಮಾಡೋಕೆ ಆಗಲ್ಲ, ಹಾಗೆ ಮಾಡಿಕೊಡ್ತೀವಿ ಅನ್ನೋ ಅಂಗಡಿಯವರನ್ನು ನಂಬಬೇಡಿ. ಆಮೇಲೆ ರೀಜನ್, ಅಂದರೆ ಯಾವ ಕಡೆಯ ದೇಶಗಳಿಗೆ ಅಂತ ಮಾಡಿದ ಪ್ರತಿ ಅನ್ನೋದು. ಡಿಸ್ಕ್ ಯಾವ ದೇಶದ್ದಾದರೂ ಓಡುತ್ತೆ, ಆದರೆ ಡಿಎಲ್‌ಸಿ (ಆಮೇಲೆ ಆನ್‌ಲೈನ್‌ನಲ್ಲಿ ಸೇರಿಸಿಕೊಳ್ಳೋ ಹೆಚ್ಚುವರಿ ಭಾಗ) ಡಿಸ್ಕ್‌ನ ರೀಜನ್‌ಗೆ ಹೊಂದಬೇಕು. ಡಬ್ಬಿ ಮೇಲೆ ಇಎಸ್‌ಆರ್‌ಬಿ ಅನ್ನೋ ವಯಸ್ಸಿನ ರೇಟಿಂಗ್ ಗುರುತು ಇದ್ದರೆ ಅದು ಅಮೆರಿಕದ ಪ್ರತಿ. ನಿಮ್ಮ ಇಂಡಿಯಾ ಅಕೌಂಟ್‌ನಲ್ಲಿ ಕೊಂಡ ಡಿಎಲ್‌ಸಿ ಅದರ ಜೊತೆ ಸೇರದೇ ಹೋಗಬಹುದು. ಡಬ್ಬಿಯೊಳಗಿನ ಬೋನಸ್ ಕೋಡ್ ಅಂತೂ ಮೊದಲ ಮಾಲೀಕರು ಬಳಸಿಯೇ ಇರುತ್ತಾರೆ, ಅದಕ್ಕೆ ನಯಾಪೈಸೆ ಹೆಚ್ಚು ಕೊಡಬೇಡಿ.

ಇದೆಲ್ಲ ಬೇಕು ಅಂದರೆ ಡಿಸ್ಕ್ ಡ್ರೈವ್ ಇರೋ ಪಿಎಸ್5 ತಗೊಳ್ಳಿ. ಡಿಜಿಟಲ್ ಎಡಿಷನ್‌ನಲ್ಲೂ ಪಿಎಸ್5 ಪ್ರೋದಲ್ಲೂ ಡ್ರೈವ್ ಬರಲ್ಲ. ಪ್ರೋಗೂ 2023ರ ಕೊನೆಗೆ ಬಂದ ಸ್ಲಿಮ್ ಡಿಜಿಟಲ್‌ಗೂ ಬೇರೆ ಡ್ರೈವ್ ಕೊಂಡು ಜೋಡಿಸಬಹುದು, ಮೊದಲ ಸಲ ಜೋಡಿಸುವಾಗ ಇಂಟರ್‌ನೆಟ್ ಬೇಕು. ಡಿಜಿಟಲ್ ಆಗಿಯೇ ಕೊಳ್ಳೋದಾದರೆ ಸೆಟ್ಟಿಂಗ್ಸ್‌ನಲ್ಲಿ ಯೂಸರ್ಸ್ ಆ್ಯಂಡ್ ಅಕೌಂಟ್ಸ್, ಅದರಲ್ಲಿ ಅದರ್, ಅದರಲ್ಲಿ ಕನ್ಸೋಲ್ ಶೇರಿಂಗ್ ಆ್ಯಂಡ್ ಆಫ್‌ಲೈನ್ ಪ್ಲೇ ಆನ್ ಆಗಿದೆಯಾ ನೋಡಿ. ಅದು ಆಫ್ ಆಗಿದ್ದರೆ ನೆಟ್ ಹೋದ ದಿನ ನಿಮ್ಮದೇ ಗೇಮ್ ಮೇಲೆ ಬೀಗದ ಚಿತ್ರ ಕಾಣಿಸುತ್ತೆ.

ಪಿಸಿಯಲ್ಲಿ ಡಿಸ್ಕ್ ಕಾಲ ಮುಗೀತು. ಅಲ್ಲಿ ಜಿಒಜಿ ಅನ್ನೋ ಆನ್‌ಲೈನ್ ಅಂಗಡಿ ನನಗೆ ಇಷ್ಟ. ಅವರೂ ಕೊಡೋದು ಲೈಸೆನ್ಸೇ, ಆದರೆ ಆಫ್‌ಲೈನ್ ಇನ್‌ಸ್ಟಾಲರ್ ಕೈಗೆ ಕೊಡ್ತಾರೆ. ಒಂದು ಸೆಟಪ್ ಫೈಲ್, ಗೇಮ್ ದೊಡ್ಡದಾದರೆ ಜೊತೆಗೆ 4 ಜಿಬಿಯೊಳಗಿನ ತುಂಡುಗಳಾಗಿ ಬಿನ್ ಫೈಲ್‌ಗಳು. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಇಳಿಸಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಬಿಡಿ. ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ಅರ್ಧಕ್ಕೇ ನಿಲ್ಲುತ್ತೆ, ಹಾಗಾಗಿ ಇಳಿಸಿದ ಮೇಲೆ ಒಂದು ಸಲ ನೆಟ್ ಆಫ್ ಮಾಡಿ ಹಾಕಿ ನೋಡಿಬಿಡಿ. ಸ್ಟೀಮ್‌ನಲ್ಲಾದರೆ ಗೇಮ್ ಪುಟದ ಬಲಬದಿ ಓದಿ. ಬೇರೆ ಕಂಪನಿಯ ಅಕೌಂಟ್ ಬೇಕು, ನಕಲು ತಡೆಯೋ ಡೆನುವೋ ಸಾಫ್ಟ್‌ವೇರ್ ಇದೆ ಅನ್ನೋದೆಲ್ಲ ಅಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಜನ ನೋಡೋದು ಹಸಿರು ಬಣ್ಣದ ಡಿಸ್ಕೌಂಟ್ ಮಾತ್ರ.

ರೀಫಂಡ್ ನಿಯಮ ಅಂಗಡಿಗೊಂದು ಥರ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಏನೇ ಇರಲಿ ವಾಪಸ್. ಜಿಒಜಿಯಲ್ಲಿ 30 ದಿನ. ಪ್ಲೇಸ್ಟೇಷನ್‌ನಲ್ಲೂ 14 ದಿನವೇ, ಆದರೆ ಡೌನ್‌ಲೋಡ್ ಶುರುವಾದರೆ ಹಕ್ಕು ಹೋಯ್ತು. ಜನ ಎಡವೋದು ಇಲ್ಲೇ. ಮೊಬೈಲ್ ಆ್ಯಪ್‌ನಲ್ಲಿ ಕೊಳ್ತಾರೆ, ಮನೆಯಲ್ಲಿ ರೆಸ್ಟ್ ಮೋಡ್‌ನಲ್ಲಿರೋ ಪಿಎಸ್5 ತಾನಾಗಿಯೇ ಇಳಿಸಿಕೊಳ್ಳೋಕೆ ಶುರು ಮಾಡುತ್ತೆ, ಅಲ್ಲಿಗೆ ಕಥೆ ಮುಗೀತು. ಸ್ಟೀಮ್‌ನಲ್ಲಿ ಬೇರೆ ತೊಂದರೆ: ಗೇಮ್ ತೆರೆದ ಮೇಲೆ ಶೇಡರ್ (ಚಿತ್ರ ಮೂಡಿಸೋ ಕೋಡ್) ತಯಾರಾಗೋ ಹೊತ್ತು, ಲಾಂಚರ್ ಒಳಗೇ ಡೌನ್‌ಲೋಡ್ ಆಗೋ ಹೊತ್ತು ಎಲ್ಲವೂ ಆಡಿದ ಲೆಕ್ಕಕ್ಕೇ ಸೇರುತ್ತೆ. 2020ರ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಕೊಂಡ ಹಲವರಿಗೆ ವಿಮಾನ ಹತ್ತೋ ಮೊದಲೇ 2 ಗಂಟೆ ದಾಟಿತ್ತು. ಇನ್ನೊಂದು, ದುಡ್ಡು ಸ್ಟೀಮ್ ವಾಲೆಟ್‌ಗೆ ಬಂದರೆ ಅದನ್ನು ಬ್ಯಾಂಕ್‌ಗೆ ತರೋ ದಾರಿ ಇಲ್ಲ.

ಕಂಪನಿಗಳೆಲ್ಲ ಕಳ್ಳರು ಅಂತೇನೂ ನಾನು ಹೇಳಲ್ಲ. ಸೋನಿಯವರ ‘ಕಾನ್‌ಕಾರ್ಡ್’ 2024ರ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಮುಚ್ಚಿದಾಗ ಕೊಂಡವರಿಗೆಲ್ಲ ಪೂರ್ತಿ ದುಡ್ಡು ವಾಪಸ್ ಕೊಟ್ಟರು. ಎರಡೇ ವಾರಕ್ಕೆ ಮುಚ್ಚಿದರೆ ಕೊಡದೆ ವಿಧಿಯೂ ಇರಲಿಲ್ಲ ಅನ್ನಿ. ಸುಲಿಗೆ ಇರೋದು ಗೇಮ್ ಒಳಗಿನ ಕಾಯಿನ್‌ಗಳಲ್ಲಿ. ಡ್ರೆಸ್‌ಗೆ 1,200 ಕಾಯಿನ್ ಇಟ್ಟು ಪ್ಯಾಕ್ ಮಾತ್ರ 1,000ದ್ದು, 2,500ದ್ದು ಮಾರ್ತಾರೆ. ಮಿಕ್ಕ ಚಿಲ್ಲರೆ ಅಲ್ಲೇ ಉಳಿದು ಮತ್ತೊಂದು ಪ್ಯಾಕ್ ಕೊಳ್ಳೋ ಹಾಗೆ ಮಾಡುತ್ತೆ. ಮಕ್ಕಳಿರೋ ಮನೆಯಲ್ಲಿ ಕಾರ್ಡ್ ಸೇವ್ ಮಾಡಲೇಬೇಡಿ, ಬೇಕಾದಷ್ಟೇ ಮೊತ್ತದ ಗಿಫ್ಟ್ ಕಾರ್ಡ್ ಹಾಕಿ. ಎಪಿಕ್ ಕಂಪನಿ ಫೋರ್ಟ್‌ನೈಟ್‌ನಲ್ಲಿ ಬಟನ್‌ಗಳನ್ನು ದಾರಿ ತಪ್ಪಿಸುವಂತೆ ಇಟ್ಟಿತ್ತು ಅಂತ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2022ರಲ್ಲಿ ಗ್ರಾಹಕರಿಗೆ 24.5 ಕೋಟಿ ಡಾಲರ್ ವಾಪಸ್ ಕೊಡಿಸೋ ಒಪ್ಪಂದ ಮಾಡಿಸಿತು. ನಮ್ಮಲ್ಲೂ 2023ರ ನವೆಂಬರ್ 30ರಿಂದ ಡಾರ್ಕ್ ಪ್ಯಾಟರ್ನ್, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸೋ ವಿನ್ಯಾಸ, ತಡೆಯೋ ಮಾರ್ಗಸೂಚಿ ಇದೆ. ಸುಳ್ಳು ಆತುರ ಹುಟ್ಟಿಸೋದು, ಚಂದಾ ಬಿಡಲಾಗದಂತೆ ಮಾಡೋದು ಸೇರಿ 13 ಬಗೆ ಪಟ್ಟಿಯಲ್ಲಿವೆ. ಅಂಥದ್ದು ಎದುರಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಚಂದಾ ಅಂದ ಮೇಲೆ ಮೈಕ್ರೋಸಾಫ್ಟ್‌ನವರ ಗೇಮ್ ಪಾಸ್, ಸೋನಿಯವರ ಪಿಎಸ್ ಪ್ಲಸ್ ಬಗ್ಗೆ ಇಷ್ಟು: ತಿಂಗಳಿಗೆ ಎರಡು ಗೇಮ್ ಮುಗಿಸೋರಿಗೆ ಲಾಭ, ವರ್ಷಕ್ಕೆ ಮೂರು ಆಡೋರಿಗೆ ದಂಡ. ರೇಟೂ ಅವರ ಕೈಯಲ್ಲೇ ಇರುತ್ತೆ. ಅಮೆರಿಕದಲ್ಲಿ ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ಒಂದೇ ಸಲಕ್ಕೆ 19.99ರಿಂದ 29.99 ಡಾಲರ್‌ಗೆ ಹಾರಿತು. ಸೇರಿದ ದಿನವೇ ಆಟೋ-ರಿನ್ಯೂ ಆಫ್ ಮಾಡಿ, ಕಟ್ಟಿದ ಅವಧಿ ಪೂರ್ತಿ ಆಡೋಕೆ ಅದರಿಂದ ಅಡ್ಡಿ ಇಲ್ಲ. ಯುಪಿಐ ಆಟೋಪೇ ಕೊಟ್ಟಿದ್ದರೆ ಯುಪಿಐ ಆ್ಯಪ್‌ನ ಮ್ಯಾಂಡೇಟ್ ಪಟ್ಟಿಗೂ ಹೋಗಿ ಅಲ್ಲಿಂದಲೂ ತೆಗೆದುಬಿಡಿ.