ತೆರಿಗೆ ದರದಂಥ ಅಂಕಿಗಳನ್ನು ಡೇಟಾಬೇಸ್ ಫಂಕ್ಷನ್ನಿನೊಳಗೇ ಬರೆದಿಡಬಹುದಾ?

ಪೋಸ್ಟ್‌ಗ್ರೆಸ್ ಡೇಟಾಬೇಸಿನ ಫಂಕ್ಷನ್‌ಗಳಲ್ಲಿ (ಡೇಟಾಬೇಸಿನೊಳಗೇ ಓಡುವ ಪುಟ್ಟ ಕೋಡ್) ಬರುವ ದರ, ಮಿತಿಗಳು ಇನ್ನೂ ವಾರಕ್ಕೊಮ್ಮೆ ಬದಲಾಗುತ್ತಿವೆ, ಎಲ್ಲಿಡಲಿ ಅಂತ ಕೇಳಿದ್ದೀರಿ. ಫಂಕ್ಷನ್ನಿನೊಳಗೆ ಮಾತ್ರ ಬೇಡ ಮಾರಾಯ್ರೆ. ಇಟ್ಟು ಅನುಭವಿಸಿದವ ನಾನು.

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ ಕಡೆಯ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. 2019ರ ಆಗಸ್ಟ್ 1ರಿಂದ ಕೇರಳದಲ್ಲಿ ಪ್ರಳಯ ಸೆಸ್ (ನೆರೆ ಪರಿಹಾರಕ್ಕೆಂದು ಹಾಕಿದ ಹೆಚ್ಚುವರಿ ತೆರಿಗೆ) ಬಂತು. ಜಿಎಸ್‌ಟಿ ಶೇ. 5ಕ್ಕಿಂತ ಹೆಚ್ಚಿರುವ ಸಾಮಾನನ್ನು ನೋಂದಣಿಯಿಲ್ಲದ ಗಿರಾಕಿಗೆ ಮಾರಿದರೆ ಶೇ. 1, ಚಿನ್ನದ ಒಡವೆಗೆ ಶೇ. 0.25. ಅವಸರದಲ್ಲಿ 0.01 ಅಂತ ಕಂಡಕಂಡಲ್ಲಿ ಬರೆದೆ. 2021ರ ಜುಲೈ 31ಕ್ಕೆ ಸೆಸ್ ಮುಗಿಯಿತು. ಆ ರಾತ್ರಿ 0.01 ಇದ್ದಲ್ಲೆಲ್ಲ ಹುಡುಕಿ ಸೊನ್ನೆ ಮಾಡಿದೆ. ಅಂಗಡಿ ತೆರೆದರೆ ಅರ್ಧಕ್ಕರ್ಧ ಬಿಲ್ಲು ಸೇವ್ ಆಗುವುದಿಲ್ಲ! ಲೆಕ್ಕ ತಾಳೆ ನೋಡುವಾಗ ಒಂದು ಪೈಸೆ ಹೆಚ್ಚುಕಮ್ಮಿ ಇದ್ದರೆ ಬಿಡು ಅಂತ ಬರೆದದ್ದೂ 0.01 ಆಗಿತ್ತು. ಅದನ್ನು ಸರಿಮಾಡುವಷ್ಟರಲ್ಲಿ ಒಬ್ಬರು ಜುಲೈಯಲ್ಲಿ ಕೊಂಡ ಮಿಕ್ಸಿ ವಾಪಸ್ ತಂದರು. ಅದಕ್ಕೆ ಹಳೆಯ ಸೆಸ್ ಬೇಕು, ನನ್ನ ಕೋಡಿನಲ್ಲಿ ಅದರ ಗುರುತೇ ಇಲ್ಲ.

ಈಗ ದರಗಳಿಗೆ ಒಂದು ಟೇಬಲ್ ಉಂಟು: ಹೆಸರು, ರಾಜ್ಯ, ಯಾವತ್ತಿನಿಂದ, ಯಾವತ್ತಿನವರೆಗೆ, ದರ. ರಾಜ್ಯ ಯಾಕೆಂದರೆ ಒಂದು ಅಂಗಡಿಯ ಬ್ರಾಂಚ್ ತಲಪಾಡಿ ಗಡಿಯಾಚೆ, ಕರ್ನಾಟಕದಲ್ಲಿ. ಜಿಎಸ್‌ಟಿ ಕೋಡ್ ಇಲ್ಲಿ 32, ಅಲ್ಲಿ 29, ಅಲ್ಲಿ ಈ ಸೆಸ್ಸೂ ಇರಲಿಲ್ಲ. ಟೇಬಲ್ ಓದುವ ಫಂಕ್ಷನ್ ಒಂದೇ ಇರಲಿ, ಅದಕ್ಕೆ ಇವತ್ತಿನ ತಾರೀಕಲ್ಲ, ಮೂಲ ಬಿಲ್ಲಿನ ತಾರೀಕು ಕೊಡಿ. ಅವಧಿಗಳು ಒಂದರ ಮೇಲೊಂದು ಬೀಳದಂತೆ ಎಕ್ಸ್‌ಕ್ಲೂಶನ್ ಕನ್‌ಸ್ಟ್ರೇಂಟ್ (ಅಂಥ ಸಾಲನ್ನು ಡೇಟಾಬೇಸೇ ತಡೆಯುವ ನಿಯಮ) ಹಾಕಿ.

ಆ ಫಂಕ್ಷನ್ನಿಗೆ ಸ್ಟೇಬಲ್ (ಒಂದು ಕ್ವೆರಿ ಮುಗಿಯುವವರೆಗೆ ಉತ್ತರ ಬದಲಾಗದು) ಅಂತ ಬರೆಯಿರಿ. ವೇಗದ ಆಸೆಗೆ ಇಮ್ಯೂಟೆಬಲ್ (ಉತ್ತರ ಎಂದೂ ಬದಲಾಗದು) ಅಂದಿರೋ, ಕ್ವೆರಿ ಹೇಗೆ ನಡೆಸುವುದೆಂದು ತೀರ್ಮಾನಿಸುವ ಪ್ಲಾನರ್ ಉತ್ತರವನ್ನು ಮೊದಲೇ ಲೆಕ್ಕಹಾಕಿ ಇಟ್ಟುಕೊಳ್ಳಬಹುದು. ಆಮೇಲೆ ಟೇಬಲ್ ತಿದ್ದಿದರೂ ತೆರೆದೇ ಇರುವ ಕನೆಕ್ಷನ್ ಹಳೆಯ ದರವನ್ನೇ ಹೇಳುತ್ತದೆ. ಪೈಸೆಯ ಮಿತಿಯಂಥದ್ದಕ್ಕೆ ಟೇಬಲ್ ಎಂತಕ್ಕೆ? ಹೆಸರಿಟ್ಟ ಪುಟ್ಟ ಇಮ್ಯೂಟೆಬಲ್ ಫಂಕ್ಷನ್ ಸಾಕು.

ಬೇರೆ ದರ ಹಾಕಿ ಪರೀಕ್ಷಿಸಬೇಕಾದರೆ ಟೇಬಲ್ ಮುಟ್ಟಬೇಡಿ. ಟ್ರಾನ್ಸಾಕ್ಷನ್ನಿನೊಳಗೆ ಸೆಟ್ ಲೋಕಲ್ ಮಾಡಿ (ಆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮಾತ್ರ ಇರುವ ಸೆಟ್ಟಿಂಗ್), ಫಂಕ್ಷನ್ ಮೊದಲು ಆ ಸೆಟ್ಟಿಂಗನ್ನು ನೋಡಲಿ, ಇಲ್ಲದಿದ್ದರೆ ಟೇಬಲ್. ರೋಲ್‌ಬ್ಯಾಕ್ ಮಾಡಿದರೆ, ಅಂದರೆ ಟ್ರಾನ್ಸಾಕ್ಷನ್ ರದ್ದು ಮಾಡಿದರೆ, ಕೊಟ್ಟ ದರ ಹೋಗುತ್ತದೆ, ಆದರೆ ಅದೇ ಸೆಷನ್ನಿನಲ್ಲಿ ಮತ್ತೆ ಓದಿದಾಗ ನಲ್ (ಏನೂ ಇಲ್ಲ ಅನ್ನುವ ಗುರುತು) ಬದಲು ಖಾಲಿ ಸ್ಟ್ರಿಂಗ್ ಸಿಗುತ್ತದೆ. ಅದು ಗೊತ್ತಿಲ್ಲದೆ ನನ್ನ ಅರ್ಧ ದಿನ ಹೋಯಿತು. ಖಾಲಿ ಸ್ಟ್ರಿಂಗನ್ನು ನಲ್ ಮಾಡಿಕೊಡುವ ನಲ್‌ಇಫ್ ಸುತ್ತಿಯೇ ಓದಿ.