ನಿರಾಶ್ರಿತರ ಶಿಬಿರದಲ್ಲಿ ಹದಿಹರೆಯದವರಿಗೆ ಬೇರೆ ಕಾರ್ಯಕ್ರಮ ಯಾಕೆ? ಮಕ್ಕಳಿಗೆ ಮಾಡೋದೇ ಸಾಕಲ್ವಾ?

ಸಾಕಾಗಲ್ಲ. ಮಕ್ಕಳಿಗೆಂದು ಮಾಡಿದ್ದು ಅವರಿಗೆ ಚಿಕ್ಕದಾಗುತ್ತದೆ, ದೊಡ್ಡವರಿಗೆಂದು ಮಾಡಿದ್ದು ಅವರ ಕೈಗೆ ಸಿಗುವುದಿಲ್ಲ. ಮಕ್ಕಳ ಡೇರೆಯಲ್ಲಿ ಬಣ್ಣದ ಪೆನ್ಸಿಲ್, ಚೆಂಡು, ಹಾಡು ಇರುತ್ತವೆ. ಹದಿನಾರರ ಹುಡುಗ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಾನೆ, ಅಷ್ಟೇ.

ಮನೆಮಠ ಬಿಟ್ಟು ಬಂದ ಕುಟುಂಬದಲ್ಲಿ ದುಡಿಮೆ ನಿಂತ ಕೂಡಲೇ ಭಾರ ಬೀಳುವುದು ಈ ವಯಸ್ಸಿನವರ ಮೇಲೆ. ಹುಡುಗ ಕೂಲಿಗೆ ಹೋಗುತ್ತಾನೆ. ಹುಡುಗಿ ನೀರಿಗೆ ಸಾಲು ನಿಲ್ಲುತ್ತಾಳೆ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾಳೆ; ಎಷ್ಟೋ ಕಡೆ ಬೇಗನೆ ಮದುವೆಯೂ ಆಗಿಬಿಡುತ್ತದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ 2024ರ ಶಿಕ್ಷಣ ವರದಿ ನೋಡಿ: ನಿರಾಶ್ರಿತ ಮಕ್ಕಳಲ್ಲಿ ಪ್ರಾಥಮಿಕ ಶಾಲೆಗೆ ದಾಖಲಾದವರು ಸುಮಾರು ಶೇ. 65, ಪ್ರೌಢಶಾಲೆಯ ಹಂತದಲ್ಲಿ ಸುಮಾರು ಶೇ. 42 ಮಾತ್ರ.

ಹಾಗಾಗಿ ಸುಮ್ನೆ ಒಂದು ತರಗತಿ ತೆರೆದರೆ ಆಗುವುದಿಲ್ಲ. ತಪ್ಪಿಹೋದ ವರ್ಷಗಳ ಪಾಠವನ್ನು ಕಡಿಮೆ ಸಮಯದಲ್ಲಿ ಮುಗಿಸುವ ಕೋರ್ಸ್ ಬೇಕು. ಜೊತೆಗೆ ಮನೆಗೆ ನೇರವಾಗಿ ಹಣದ ನೆರವು ಬೇಕು, ಇಲ್ಲದಿದ್ದರೆ ಕೂಲಿ ಬಿಟ್ಟು ಬರುವವರು ಯಾರು? ಮನಸ್ಸಿನ ನೋವು ಹೇಳಿಕೊಳ್ಳಲು ನಂಬಿಕೆಯ ಒಬ್ಬರು ಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು, ಸಮಯ ಮತ್ತು ಜಾಗವನ್ನು ಅವರನ್ನೇ ಕೇಳಿ ಗೊತ್ತು ಮಾಡುವುದು. ತರಬೇತಿ ಕೇಂದ್ರದ ದಾರಿಯಲ್ಲಿ ದೀಪವಿಲ್ಲ ಅನ್ನುವುದು ಕಚೇರಿಯ ನಕ್ಷೆಯಲ್ಲಿ ಕಾಣುವುದಿಲ್ಲ, ದಿನಾ ಅಲ್ಲಿ ನಡೆಯುವ ಹುಡುಗಿಗೆ ಗೊತ್ತಿರುತ್ತದೆ. ಹತ್ತು ಹೊಲಿಗೆ ಮೆಷಿನ್ ತಂದಿಟ್ಟರೂ ಸಂಜೆ ಬ್ಯಾಚ್ ಖಾಲಿ ಇರುವುದು ಕೆಲವೊಮ್ಮೆ ಇಷ್ಟಕ್ಕೇ.